ಕಂಬಿಯ ಹಿಂದೆ ನಡುಗುವ ಕೈ

ಪಾರ್ಕಿನ್ಸನ್ ಕಾಯಿಲೆಯವರು ನೀರು ಕುಡಿಯುವಾಗ ಲೋಟ ಅಲುಗಾಡಿ ಮೈಮೇಲೆಲ್ಲ ಚೆಲ್ಲುವುದನ್ನು ನೀವು ನೋಡಿರಬಹುದು. ಮನೆಯಲ್ಲಾದರೆ ಮುಚ್ಚಳವಿರುವ ಸಿಪ್ಪರ್ ಲೋಟ ತಂದರಾಯಿತು. ರೋಗಿ ಜೈಲಿನಲ್ಲಿದ್ದರೆ?

2020ರ ಅಕ್ಟೋಬರ್‌ನಲ್ಲಿ ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಬಂಧಿತರಾಗಿ ಮುಂಬೈ ಬಳಿಯ ತಳೋಜ ಜೈಲು ಸೇರಿದ ಪಾದ್ರಿ ಸ್ಟ್ಯಾನ್ ಸ್ವಾಮಿಯವರಿಗೆ ಆಗ 83 ವರ್ಷ. ಪಾರ್ಕಿನ್ಸನ್‌ನಿಂದ ಕೈ ನಡುಗುತ್ತಿತ್ತು. ಸಿಪ್ಪರ್ ಮತ್ತು ಸ್ಟ್ರಾ ಬೇಕೆಂದು ನವೆಂಬರ್ 6ರಂದು ಅವರು ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಉತ್ತರಿಸಲು ತನಿಖಾ ಸಂಸ್ಥೆ 20 ದಿನ ಕೇಳಿತು! ವಿಚಾರಣಾಧೀನ ಕೈದಿಯಾಗಿಯೇ ಅವರು 2021ರ ಜುಲೈ 5ರಂದು ತೀರಿಕೊಂಡರು. ಮೊಕದ್ದಮೆಯ ವಿಚಾರ ಇಲ್ಲಿ ಬೇಡ. ಕಾಯಿಲೆಯ ವಿಚಾರವಷ್ಟೇ ಸಾಕು.

ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಕಡಿಮೆಯಾಗುವುದರಿಂದ ಈ ರೋಗ ಬರುತ್ತದೆ. ನಡುಕದ ಜೊತೆಗೆ ಸ್ನಾಯುಗಳು ಬಿಗಿಯುತ್ತವೆ, ಚಲನೆ ನಿಧಾನವಾಗುತ್ತದೆ. ಮುಖದಲ್ಲಿ ಭಾವನೆ ಕಾಣುವುದಿಲ್ಲ, ದನಿ ಕ್ಷೀಣಿಸುತ್ತದೆ. ಹೆಸರು ಕೂಗಿದಾಗ ತಡವಾಗಿ ಎದ್ದು, ಕಲ್ಲಿನಂಥ ಮುಖದಿಂದ ನಿಂತವನನ್ನು ಕಾವಲುಗಾರ ಸೊಕ್ಕಿನವನೆಂದುಕೊಂಡರೆ ಆಶ್ಚರ್ಯವಿಲ್ಲ. ಅದು ಸೊಕ್ಕಲ್ಲ, ರೋಗಲಕ್ಷಣ.

ಔಷಧಿಯ ತೊಡಕು ಇನ್ನೂ ದೊಡ್ಡದು. ಲೆವೊಡೋಪಾ ಮಾತ್ರೆಯನ್ನು ದಿನಕ್ಕೆ ಹಲವು ಬಾರಿ, ಗಡಿಯಾರ ನೋಡಿಕೊಂಡು ನುಂಗಬೇಕು. ಕಾಯಿಲೆ ಮುಂದುವರಿದವರಲ್ಲಿ ಒಂದು ಗಂಟೆ ತಡವಾದರೂ ಮೈ ಮರಗಟ್ಟಿದಂತಾಗುತ್ತದೆ. ಬೇಳೆ, ಮೊಟ್ಟೆಯ ಊಟದೊಡನೆ ತೆಗೆದುಕೊಂಡರೆ ಅನೇಕರಲ್ಲಿ ಅದರ ಪರಿಣಾಮ ತಗ್ಗುವುದರಿಂದ, ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಡುತ್ತೇವೆ. ಕಾಂಪೌಂಡರ್ ಬಂದಾಗ ಮಾತ್ರೆ, ಗಂಟೆ ಹೊಡೆದಾಗ ಊಟ ಎಂಬ ಕ್ರಮ ಇದಕ್ಕೆ ಹೊಂದುವುದಿಲ್ಲ. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರಂತೂ ತೀವ್ರ ಜ್ವರ, ಮೈಬಿಗಿತ ಬಂದು ಪ್ರಾಣಕ್ಕೇ ಅಪಾಯವಾಗಬಹುದು.

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಪಾರ್ಕಿನ್ಸನ್ ಕೂಡ ಸೇರಿದೆ. ಅಂಗವಿಕಲ ಕೈದಿಗಳನ್ನು ಜೈಲಿಗೆ ಬಂದಾಗಲೇ ಗುರುತಿಸಬೇಕೆಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿನ ಪ್ರಕರಣವೊಂದರಲ್ಲಿ ಆದೇಶಿಸಿತು. ಆದೇಶವೇನೋ ಒಳ್ಳೆಯದೇ, ಆದರೆ ಮನೆಯವರು ಅದನ್ನೇ ನಂಬಿ ಕೂರಬಾರದು.

ಬಂಧುವೊಬ್ಬರು ಜೈಲು ಸೇರಿದರೆ ಮೊದಲ ದಿನವೇ ವೈದ್ಯರ ಚೀಟಿಯ ಪ್ರತಿಯನ್ನು, ಮಾತ್ರೆಯ ಹೊತ್ತುಗಳನ್ನು ಬರೆದು, ಜೈಲಿನ ವೈದ್ಯಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಬೇಕಾದ ಸಾಧನಗಳಿಗೆ ವಕೀಲರ ಮೂಲಕ ಕೂಡಲೇ ಅರ್ಜಿ ಹಾಕಿಸಿ. ಬಂಧನದಲ್ಲಿರುವವರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಒದಗಿಸುತ್ತದೆ. ಆ ಚೀಟಿಯಲ್ಲಿ ಇನ್ನೊಂದು ಸಾಲನ್ನೂ ಕೆಂಪು ಶಾಯಿಯಲ್ಲಿ ಸೇರಿಸಿ: ವಾಂತಿಗೆಂದು ಮೆಟೊಕ್ಲೊಪ್ರಮೈಡ್ ಕೊಡಬಾರದು. ಅದು ಪಾರ್ಕಿನ್ಸನ್ ಅನ್ನು ಉಲ್ಬಣಗೊಳಿಸುತ್ತದೆ.