ಶಸ್ತ್ರಚಿಕಿತ್ಸೆಗೆ ಮುನ್ನ ತೂಕ ಇಳಿದರೆ ವಿಮೆಯ ಗತಿ ಏನು?

ಕೂಡ್ಲಿಗಿ: 'ಮೈ ತುಂಬಿಕೊಂಡಿದ್ದಾರೆ' ಎಂಬುದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಇಂದಿಗೂ ಮೆಚ್ಚುಗೆಯ ಮಾತೇ. ಬರವನ್ನು ತಲೆಮಾರುಗಳಿಂದ ಕಂಡುಂಡ ನೆಲದಲ್ಲಿ ಅದು ಸಹಜವೂ ಹೌದು. ಆದರೆ ಕಾಲ ಬದಲಾಗಿದೆ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ಮಹಿಳೆಯರ ಪೈಕಿ ಶೇ 23.3 ಮಂದಿ ಅಧಿಕ ತೂಕ ಅಥವಾ ಬೊಜ್ಜು ಹೊಂದಿದ್ದರು. 2019-21ರ ಸಮೀಕ್ಷೆಯ ವೇಳೆಗೆ ಈ ಪ್ರಮಾಣ ಶೇ 30.1ಕ್ಕೆ ಏರಿತು. ಪುರುಷರಲ್ಲಿ ಶೇ 22.1ರಿಂದ ಶೇ 30.9ಕ್ಕೆ ಹೆಚ್ಚಿತು.

ಇವರಲ್ಲಿ ಶಸ್ತ್ರಚಿಕಿತ್ಸೆಯ ಹಂತ ತಲುಪುವವರು ಕೆಲವರೇ. ಅವರು ಸಾಮಾನ್ಯವಾಗಿ ದಾವಣಗೆರೆ, ಬಳ್ಳಾರಿ, ಹುಬ್ಬಳ್ಳಿ ಅಥವಾ ಬೆಂಗಳೂರಿನ ದಾರಿ ಹಿಡಿಯುತ್ತಾರೆ. ಖಾಸಗಿ ಆಸ್ಪತ್ರೆಯಲ್ಲಿ ವೆಚ್ಚ ಲಕ್ಷಗಳ ಲೆಕ್ಕದ್ದು. ಆದ್ದರಿಂದ ಎಲ್ಲವೂ ವಿಮೆಯ ಅನುಮೋದನೆಯ ಮೇಲೆ ನಿಂತಿರುತ್ತದೆ. ಇಲ್ಲಿಯೇ ರೋಗಿಯನ್ನು ಗೊಂದಲಕ್ಕೆ ತಳ್ಳುವ ಪ್ರಶ್ನೆಯೊಂದು ಹುಟ್ಟುತ್ತದೆ. ಶಸ್ತ್ರಚಿಕಿತ್ಸೆಗೆ ಮುನ್ನ ತೂಕ ಇಳಿಸಿಕೊಂಡು ಬನ್ನಿ ಎನ್ನುತ್ತಾರೆ ವೈದ್ಯರು. ತೂಕ ಇಂತಿಷ್ಟು ಇದ್ದರೆ ಮಾತ್ರ ಹಣ ಎನ್ನುತ್ತದೆ ಪಾಲಿಸಿ. ಯಾರ ಮಾತು ಕೇಳಬೇಕು?

ಮೊದಲಿಗೆ ಒಂದು ಸ್ಪಷ್ಟನೆ ಅಗತ್ಯ. 'ಬೇರಿಯಾಟ್ರಿಕ್' ಎಂದು ಕರೆಯಲಾಗುವ ಈ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಬಹುಭಾಗವನ್ನು ತೆಗೆಯಲಾಗುತ್ತದೆ, ಇಲ್ಲವೇ ಆಹಾರ ಸಾಗುವ ಮಾರ್ಗವನ್ನೇ ಬದಲಿಸಲಾಗುತ್ತದೆ. ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಲೈಪೊಸಕ್ಷನ್ ಬೇರೆ. 2022ರ ಮೇ ತಿಂಗಳಿನಲ್ಲಿ ಕಿರುತೆರೆಯ ಯುವ ನಟಿಯೊಬ್ಬರು ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ಮೃತಪಟ್ಟಾಗ ಇವೆರಡನ್ನೂ ಒಂದೇ ಎಂದು ತಿಳಿದವರು ಹಲವರು. ರೂಪಕ್ಕಾಗಿ ಮಾಡಿಸುವ ಚಿಕಿತ್ಸೆಗೆ ವಿಮೆ ಹಣ ಕೊಡುವುದಿಲ್ಲ.

ಇನ್ನು ನಿಯಮದ ಮಾತು. ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2019ರ ಸೆಪ್ಟೆಂಬರ್‌ನಲ್ಲಿ ಆರೋಗ್ಯ ವಿಮೆಯ ಹೊರಗಿಡುವಿಕೆಗಳಿಗೆ ಏಕರೂಪದ ವಾಕ್ಯಗಳನ್ನು ರೂಪಿಸಿತು. ಅವುಗಳಲ್ಲಿ ಆರನೆಯದು ಬೊಜ್ಜಿಗೆ ಸಂಬಂಧಿಸಿದ್ದು. ಪಾಲಿಸಿ ಪುಸ್ತಿಕೆಗಳಲ್ಲಿ ಅದು ಇಂದಿಗೂ ಕಾಣಸಿಗುತ್ತದೆ. ಅದರಂತೆ ಶಸ್ತ್ರಚಿಕಿತ್ಸೆಗೆ ವೈದ್ಯರ ಸಲಹೆ ಇರಬೇಕು, ಅದು ವೈದ್ಯಕೀಯ ಕ್ರಮಕ್ಕೆ ಅನುಗುಣವಾಗಿರಬೇಕು, ರೋಗಿಗೆ 18 ವರ್ಷ ತುಂಬಿರಬೇಕು. ದೇಹತೂಕ ಸೂಚ್ಯಂಕ, ಅಂದರೆ ಬಿಎಂಐ, 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಸೂಚ್ಯಂಕ 35 ಅಥವಾ ಅದಕ್ಕಿಂತ ಹೆಚ್ಚಿದ್ದು 40ಕ್ಕಿಂತ ಕಡಿಮೆ ಇದ್ದರೆ ಬೊಜ್ಜಿನಿಂದ ಬಂದ ಹೃದಯ ಸ್ನಾಯುವಿನ ಕಾಯಿಲೆ, ಹೃದಯದ ರಕ್ತನಾಳದ ಕಾಯಿಲೆ, ನಿದ್ರೆಯಲ್ಲಿ ಉಸಿರುಕಟ್ಟುವ ತೀವ್ರ ತೊಂದರೆ, ಹತೋಟಿಗೆ ಬಾರದ ಎರಡನೇ ಬಗೆಯ ಮಧುಮೇಹ ಇವುಗಳಲ್ಲಿ ಒಂದಾದರೂ ಇರಬೇಕು. ಜೊತೆಗೆ ತೂಕ ಇಳಿಸುವ ಸರಳ ವಿಧಾನಗಳು ವಿಫಲವಾಗಿರಬೇಕು.

ಈ 40 ಮತ್ತು 35ರ ಅಂಕಿಗಳು ನಮ್ಮ ನೆಲದಲ್ಲಿ ಹುಟ್ಟಿದವಲ್ಲ. 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ಕರೆದ ತಜ್ಞರ ಸಭೆ ನಿಗದಿಪಡಿಸಿದ ಗಡಿ ಅದು. ಭಾರತೀಯರಿಗೆ ಕಡಿಮೆ ತೂಕದಲ್ಲಿಯೇ ಮಧುಮೇಹ, ಹೃದ್ರೋಗ ಅಂಟಿಕೊಳ್ಳುವುದರಿಂದ ಏಷ್ಯಾದ ತಜ್ಞರು ಬಹಳ ಹಿಂದೆಯೇ 37.5 ಮತ್ತು 32.5ರ ಮಾನವನ್ನು ಒಪ್ಪಿಕೊಂಡರು. 2022ರಲ್ಲಿ ಅಂತರರಾಷ್ಟ್ರೀಯ ಶಸ್ತ್ರವೈದ್ಯರ ಸಂಘಗಳು ಇದನ್ನೂ ಇಳಿಸಿ, ಏಷ್ಯಾದವರಿಗೆ 27.5ರಿಂದಲೇ ಈ ಚಿಕಿತ್ಸೆ ಸೂಚಿಸಬಹುದು ಎಂದವು. ವೈದ್ಯಶಾಸ್ತ್ರ ಮುಂದೆ ಸಾಗಿದೆ, ಪಾಲಿಸಿಯ ವಾಕ್ಯ 1991ರಲ್ಲಿಯೇ ನಿಂತಿದೆ. ವೈದ್ಯರು ಅರ್ಹರೆಂದವರನ್ನು ವಿಮಾ ಕಂಪೆನಿ ಅನರ್ಹರೆನ್ನಲು ಇದೇ ಮುಖ್ಯ ಕಾರಣ.

ಲೆಕ್ಕವನ್ನು ಒಮ್ಮೆ ನೋಡೋಣ. 160 ಸೆಂ.ಮೀ. ಎತ್ತರದ ವ್ಯಕ್ತಿಯ ಸೂಚ್ಯಂಕ 40 ಆಗಲು 102.4 ಕಿಲೋ ತೂಕ ಬೇಕು. ಆ ವ್ಯಕ್ತಿ 104 ಕಿಲೋ ಇದ್ದಾಗ ಸೂಚ್ಯಂಕ 40.6. ನಾಲ್ಕು ಕಿಲೋ ಇಳಿದರೆ 39.1. ಎತ್ತರದಲ್ಲಿ ಆಗುವ ತಪ್ಪು ಇನ್ನೂ ದುಬಾರಿ. 101 ಕಿಲೋ ತೂಗುವವರ ಎತ್ತರ 158 ಸೆಂ.ಮೀ. ಎಂದು ಬರೆದರೆ ಸೂಚ್ಯಂಕ 40.5, ಚಪ್ಪಲಿ ಬಿಡದೆ ನಿಲ್ಲಿಸಿ 160 ಎಂದು ಬರೆದರೆ 39.5. ಎರಡು ಸೆಂಟಿಮೀಟರ್ ಚಪ್ಪಲಿ ಲಕ್ಷಾಂತರ ರೂಪಾಯಿಯ ತೀರ್ಮಾನವನ್ನು ಬದಲಿಸಬಲ್ಲದು!

ಹಾಗಿದ್ದರೂ ವೈದ್ಯರು ತೂಕ ಇಳಿಸಲು ಹೇಳುವುದೇಕೆ? ಸ್ಥೂಲಕಾಯರ ಯಕೃತ್ತಿನಲ್ಲಿ ಕೊಬ್ಬು ತುಂಬಿ ಅದು ಹಿಗ್ಗಿರುತ್ತದೆ. ಅದರ ಎಡಭಾಗ ಜಠರದ ಮೇಲೆಯೇ ಚಾಚಿಕೊಂಡಿರುವುದರಿಂದ ದುರ್ಬೀನಿನ ಮೂಲಕ ನಡೆಸುವ ಶಸ್ತ್ರಚಿಕಿತ್ಸೆಗೆ ಅಡ್ಡವಾಗುತ್ತದೆ. ಸುಮಾರು ಎರಡು ವಾರ ಕಡಿಮೆ ಕ್ಯಾಲೊರಿಯ ಪಥ್ಯ ಮಾಡಿದರೆ ಯಕೃತ್ತು ಕುಗ್ಗುತ್ತದೆ, ಜೊತೆಗೆ ಕೆಲವು ಕಿಲೋ ತೂಕವೂ ಇಳಿಯುತ್ತದೆ. ಇದು ಚಿಕಿತ್ಸೆಯ ಭಾಗವೇ ಹೊರತು ರೋಗ ವಾಸಿಯಾದ ಲಕ್ಷಣವಲ್ಲ. ವಿಮೆ ಕೈತಪ್ಪೀತೆಂಬ ಭಯದಿಂದ ಪಥ್ಯ ಬಿಡುವುದಾಗಲೀ, ಅಂಕಿ ಮುಟ್ಟಲೆಂದು ಮಂಡಕ್ಕಿ, ಮಿರ್ಚಿ, ಸಿಹಿಯನ್ನು ಹೆಚ್ಚಾಗಿ ತಿನ್ನುವುದಾಗಲೀ ಅಪಾಯಕ್ಕೆ ಆಹ್ವಾನ. ಅರಿವಳಿಕೆಯ ತೊಂದರೆಯೂ ಆಗ ಹೆಚ್ಚುತ್ತದೆ.

ಗಮನಿಸಬೇಕಾದ ಅಂಶವೆಂದರೆ, ಸೂಚ್ಯಂಕವನ್ನು ಯಾವ ದಿನಾಂಕದಂದು ಅಳೆಯಬೇಕು ಎಂದು ಏಕರೂಪದ ಆ ವಾಕ್ಯ ಹೇಳುವುದಿಲ್ಲ. ಶಸ್ತ್ರಚಿಕಿತ್ಸೆ ಅಗತ್ಯವೆಂದು ವೈದ್ಯರು ತೀರ್ಮಾನಿಸಿದ ದಿನದ ತೂಕವೇ ಲೆಕ್ಕಕ್ಕೆ ಬರಬೇಕೆಂಬುದು ನ್ಯಾಯವಾದ ಅರ್ಥ. ಆದರೆ ಅದನ್ನು ಸಾಧಿಸಲು ಕಾಗದ ಬೇಕು. ಪಥ್ಯ ಆರಂಭಕ್ಕೆ ಮುಂಚೆಯೇ ಸಲಹಾಪತ್ರದಲ್ಲಿ ಆ ದಿನದ ಎತ್ತರ, ತೂಕ, ಸೂಚ್ಯಂಕ, ಜೊತೆಯ ಕಾಯಿಲೆಗಳು ಹಾಗೂ 'ಇಷ್ಟು ದಿನದ ಪಥ್ಯ ಸೂಚಿಸಲಾಗಿದೆ, ತೂಕ ಇಳಿಯುವುದು ನಿರೀಕ್ಷಿತ' ಎಂಬ ಮಾತನ್ನು ಬರೆಸಿಕೊಳ್ಳಬೇಕು. ಪೂರ್ವಾನುಮತಿಯ ಅರ್ಜಿಯೊಂದಿಗೆ ಅದನ್ನು ಕಳುಹಿಸಬೇಕು. ದಾಖಲಾಗುವ ದಿನದ ತೂಕವನ್ನು ಮರೆಮಾಚಬಾರದು. 2025ರಲ್ಲಿ ದೇಶದ ಮಾರುಕಟ್ಟೆಗೆ ಬಂದ ಮೌಂಜಾರೊದಂತಹ ಚುಚ್ಚುಮದ್ದು ಪಡೆಯುತ್ತಿದ್ದರೆ ಅದನ್ನೂ ತಿಳಿಸಬೇಕು. ಜಠರ ಬರಿದಾಗುವುದನ್ನು ಅದು ನಿಧಾನಗೊಳಿಸುವುದರಿಂದ ಅರಿವಳಿಕೆ ತಜ್ಞರಿಗೆ ಈ ವಿಷಯ ಗೊತ್ತಿರಲೇಬೇಕು.

ಈ ಐದು ತಾಲ್ಲೂಕುಗಳ ರೋಗಿಗಳು ಸೋಲುವುದು ಬಹುಶಃ ಇಲ್ಲಿಯೇ. ತೂಕ ನೋಡುವುದು ಬಸ್ ನಿಲ್ದಾಣದ ಯಂತ್ರದಲ್ಲಿ ಅಥವಾ ಔಷಧದ ಅಂಗಡಿಯಲ್ಲಿ. ಅದಕ್ಕೆ ದಾಖಲೆ ಇರುವುದಿಲ್ಲ. ವೈದ್ಯರ ಚೀಟಿಯಲ್ಲಿ ರಕ್ತದೊತ್ತಡ ಇರುತ್ತದೆ, ತೂಕ ಇರುವುದಿಲ್ಲ. ಹರಪನಹಳ್ಳಿ 1997ರಿಂದ 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲಿತ್ತು, ಮತ್ತೆ ಬಳ್ಳಾರಿಗೆ ಸೇರಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂತು. ಕಡತಗಳು ಊರೂರು ಅಲೆದಂತೆ ರೋಗಿಯ ಚೀಟಿಗಳೂ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತವೆ. 'ಸರಳ ವಿಧಾನಗಳು ವಿಫಲವಾಗಿವೆ' ಎಂಬುದಕ್ಕೆ ಪುರಾವೆ ಕೇಳಿದಾಗ ಕೊಡಲು ಏನೂ ಉಳಿದಿರುವುದಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಧುಮೇಹ, ರಕ್ತದೊತ್ತಡಗಳಿಗಾಗಿ ಅಸಾಂಕ್ರಾಮಿಕ ರೋಗಗಳ ಚಿಕಿತ್ಸಾ ಘಟಕಗಳಿವೆ. ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ, ಒಂದೇ ತಕ್ಕಡಿಯಲ್ಲಿ, ಬರಿಗಾಲಿನಲ್ಲಿ ತೂಕ ನೋಡಿಸಿ ದಿನಾಂಕ ಸಹಿತ ಬರೆಸಿಕೊಂಡರೆ ಆರು ತಿಂಗಳಲ್ಲಿ ಬಲವಾದ ದಾಖಲೆ ಸಿದ್ಧವಾಗುತ್ತದೆ.

ತೂಕದ ಇನ್ನೊಂದು ಬಲೆ ಪಾಲಿಸಿ ಕೊಳ್ಳುವಾಗಲೇ ಹೆಣೆಯಲ್ಪಟ್ಟಿರುತ್ತದೆ. ಅರ್ಜಿಯಲ್ಲಿ ಎತ್ತರ ಮತ್ತು ತೂಕದ ಅಂಕಣವಿದೆ. ಏಜೆಂಟರೇ ಅಂದಾಜಿನಲ್ಲಿ 70 ಕಿಲೋ ಎಂದು ತುಂಬಿ, ಗ್ರಾಹಕರು ಓದದೆ ಸಹಿ ಹಾಕಿದರೆ ಮುಂದೆ ಅದೇ ಮುಳುವಾಗುತ್ತದೆ. ಮಾಹಿತಿ ಮುಚ್ಚಿಟ್ಟರೆಂಬ ಕಾರಣಕ್ಕೆ ಕ್ಲೇಮು ನಿರಾಕರಿಸಲು ಕಂಪೆನಿಗೆ ಅವಕಾಶವಿದೆ. ಸತತ 60 ತಿಂಗಳು ಪಾಲಿಸಿ ನಡೆದ ಬಳಿಕ ವಂಚನೆ ಸಾಬೀತಾದರೆ ಮಾತ್ರ ಈ ಆಕ್ಷೇಪ ನಿಲ್ಲುತ್ತದೆ. 2024ಕ್ಕೆ ಮೊದಲು ಈ ಅವಧಿ ಎಂಟು ವರ್ಷವಿತ್ತು. ಇದಲ್ಲದೆ ಅನೇಕ ಪಾಲಿಸಿಗಳಲ್ಲಿ ಈ ಶಸ್ತ್ರಚಿಕಿತ್ಸೆಗೆ ಕಾಯುವ ಅವಧಿಯೂ, ಮೊತ್ತದ ಮಿತಿಯೂ ಇರುತ್ತವೆ. ಪುಸ್ತಿಕೆಯ ಆ ಪುಟವನ್ನು ಆಸ್ಪತ್ರೆಗೆ ಹೊರಡುವ ಮುನ್ನವೇ ಓದುವುದು ಲೇಸು.

2024ರ ಮೇ ತಿಂಗಳಿನ ಸುತ್ತೋಲೆಯ ಪ್ರಕಾರ ನಗದುರಹಿತ ಚಿಕಿತ್ಸೆಯ ಕೋರಿಕೆಯನ್ನು ಕಂಪೆನಿ ಒಂದು ಗಂಟೆಯೊಳಗೆ ತೀರ್ಮಾನಿಸಬೇಕು. ಕ್ಲೇಮು ಪರಿಶೀಲನಾ ಸಮಿತಿಯ ಒಪ್ಪಿಗೆ ಇಲ್ಲದೆ ಯಾವ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ. ಪೂರ್ವಾನುಮತಿ ಸಿಗದಿದ್ದ ಮಾತ್ರಕ್ಕೆ ಹಕ್ಕು ಮುಗಿಯದು. ಹಣ ಕಟ್ಟಿ ಚಿಕಿತ್ಸೆ ಪಡೆದು ನಂತರ ಮರುಪಾವತಿ ಕೇಳಬಹುದು. ನಿರಾಕರಣೆಯ ಕಾರಣವನ್ನು ಲಿಖಿತವಾಗಿ ಪಡೆದು ಮೊದಲು ಕಂಪೆನಿಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ದೂರನ್ನು ಅಂಚೆಯಲ್ಲಿ ಅಥವಾ ಅಂತರ್ಜಾಲದ ಮೂಲಕ ಕಳುಹಿಸಬಹುದು.