ವಿಸ್ಕಿಯ ಇತಿಹಾಸದಲ್ಲಿ ಎರಡು ಭಟ್ಟಿಗಳು

ವಿಸ್ಕಿ ಎಂಬ ಹೆಸರು ಗೇಲಿಕ್ ಭಾಷೆಯಲ್ಲಿ 'ಜೀವಜಲ' ಎಂಬರ್ಥವುಳ್ಳ ಮಾತಿನಿಂದ ಬಂದುದು. ಸ್ಕಾಟ್ಲೆಂಡಿನ ರಾಜಭಂಡಾರದ 1494ರ ಲೆಕ್ಕದಲ್ಲಿ, ಜೀವಜಲವನ್ನು ಮಾಡಲೆಂದು ಜಾನ್ ಕಾರ್ ಎಂಬ ಸಂನ್ಯಾಸಿಗೆ ಮೊಳಕೆಯ ಧಾನ್ಯವನ್ನಿತ್ತ ಉಲ್ಲೇಖವಿದೆ.

ಜವೆಗೋಧಿ ಮೊಳೆತಾಗ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಸಕ್ಕರೆಯನ್ನು ಯೀಸ್ಟು ಮದ್ಯಸಾರವಾಗಿ ಮಾರ್ಪಡಿಸುತ್ತದೆ. ನೀರು ಕುದಿಯುವುದು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ, ಮದ್ಯಸಾರ ಸುಮಾರು 78ರಲ್ಲಿ. ಆದುದರಿಂದ ಹುದುಗಿದ ರಸವನ್ನು ಕಾಯಿಸಿದಾಗ ಮೊದಲೇಳುವ ಆವಿಯಲ್ಲಿ ಮದ್ಯಸಾರವೇ ಅಧಿಕ. ತಾಮ್ರದ ಹಂಡೆಯಲ್ಲಿ ಈ ಬೇರ್ಪಡಿಕೆ ಅಪೂರ್ಣ. ಧಾನ್ಯದಿಂದಲೂ ಹುದುಗಿನಿಂದಲೂ ಬಂದ ಪರಿಮಳದ್ರವ್ಯಗಳು ಉಳಿಯುತ್ತವೆ. ಆ ಅಪೂರ್ಣತೆಯೇ ರುಚಿಯ ಮೂಲವೆಂಬುದನ್ನು ನಾವು ಗಮನಿಸಬೇಕು.

ಐರ್ಲೆಂಡಿನಲ್ಲಿ ಅಬಕಾರಿ ಅಧಿಕಾರಿಯಾಗಿದ್ದ ಈನಿಯಾಸ್ ಕಾಫಿ 1830ರಲ್ಲಿ ಸ್ತಂಭಾಕಾರದ ಭಟ್ಟಿಗೆ ಪೇಟೆಂಟ್ ಪಡೆದನು. ಇದರಲ್ಲಿ ರಸವು ಮೇಲಿನಿಂದ ಇಳಿಯುತ್ತದೆ, ಹಬೆಯು ಕೆಳಗಿನಿಂದ ಏರುತ್ತದೆ. ಕೆಲಸ ಎಡೆಬಿಡದೆ ಸಾಗುತ್ತದೆ. ದೊರೆಯುವ ಮದ್ಯ ತೀಕ್ಷ್ಣ, ಅಗ್ಗ, ಆದರೆ ಪರಿಮಳದಲ್ಲಿ ಬಡವು. ಡಬ್ಲಿನ್ನಿನ ದೊಡ್ಡ ತಯಾರಕರು ಇದನ್ನು ತಿರಸ್ಕರಿಸಿದರು. ಸ್ಕಾಟ್ಲೆಂಡಿನ ತಗ್ಗುನಾಡಿನವರು ಸ್ವೀಕರಿಸಿ, ಮುಂದೆ ಎರಡು ಬಗೆಯನ್ನೂ ಬೆರೆಸಿ ಮಾರುಕಟ್ಟೆಯನ್ನು ಗೆದ್ದರು.

ಸ್ತಂಭದ ಮದ್ಯವನ್ನು ವಿಸ್ಕಿಯೆನ್ನಬಹುದೆ? 1905ರಲ್ಲಿ ಲಂಡನ್ನಿನ ಇಸ್ಲಿಂಗ್ಟನ್ ಪುರಸಭೆ ಹೂಡಿದ ಮೊಕದ್ದಮೆಯಿಂದ ಈ ಪ್ರಶ್ನೆ ತೀವ್ರವಾಯಿತು. 1908ರಲ್ಲಿ ನೇಮಕಗೊಂಡ ರಾಜ ಆಯೋಗವು ಮರುವರ್ಷ ಎರಡಕ್ಕೂ ಆ ಹೆಸರು ಸಲ್ಲುವುದೆಂದು ತೀರ್ಮಾನಿಸಿತು. ರಸಾಯನಶಾಸ್ತ್ರವು ಎರಡು ಮದ್ಯಗಳ ಭೇದವನ್ನು ತೋರಿಸಬಲ್ಲುದು. ಹೆಸರಿನ ಎಲ್ಲೆಯನ್ನು ಗೊತ್ತುಪಡಿಸಿದುದು ವ್ಯಾಪಾರ ಮತ್ತು ಕಾನೂನು.