ಬಿಡುವು ಕ್ರಾಸ್ ಟ್ರೇನರ್ ಏರಿದ ಕಥೆ

1939ರ ಜುಲೈ 15. ಇಟಲಿಯ ಮಿಲಾನ್‌ನಲ್ಲಿ 800 ಮೀಟರ್ ಓಟ. ತವರಿನ ಓಟಗಾರ ಮಾರಿಯೊ ಲಾಂಜಿ ಆರಂಭದಿಂದಲೂ ಮುಂದಿದ್ದ. ಅವನ ಬೆನ್ನಿಗೇ ಅಂಟಿಕೊಂಡು ಬಂದ ಜರ್ಮನಿಯ ರುಡಾಲ್ಫ್ ಹಾರ್ಬಿಗ್ ಕೊನೆಯ ಹಂತದಲ್ಲಿ ನುಗ್ಗಿ ಅವನನ್ನು ಹಿಂದೆ ಹಾಕಿದ. ಗಡಿಯಾರ ತೋರಿಸಿದ್ದು 1 ನಿಮಿಷ 46.6 ಸೆಕೆಂಡು. ಅಂದರೆ ಹಿಂದಿನ ವಿಶ್ವದಾಖಲೆಗಿಂತ 1.8 ಸೆಕೆಂಡು ಕಡಿಮೆ. ಸೆಕೆಂಡಿನ ಹತ್ತನೇ ಒಂದು ಭಾಗ ಗಳಿಸಲು ವರ್ಷಗಟ್ಟಲೆ ಬೆವರು ಸುರಿಸುವವರಿಗೆ ಇದು ನಂಬಲಾಗದ ಜಿಗಿತ. ಆ ದಾಖಲೆ 16 ವರ್ಷ ಅಲುಗಲಿಲ್ಲ. ಅದು ಮುರಿಯುವ ಹೊತ್ತಿಗೆ ಹಾರ್ಬಿಗ್ ಇರಲಿಲ್ಲ. 1944ರಲ್ಲೇ ಯುದ್ಧರಂಗದಲ್ಲಿ ತೀರಿಕೊಂಡಿದ್ದ.

ಇಂದು ಜಿಮ್ಮಿನ ಕ್ರಾಸ್ ಟ್ರೇನರ್ ಮೇಲೆ ನಿಂತು ಒಂದು ನಿಮಿಷ ಜೋರು, ಒಂದು ನಿಮಿಷ ಮೆಲ್ಲಗೆ ಎಂದು ಕಾಲಾಡಿಸುವವರೆಲ್ಲ ತಿಳಿದೋ ತಿಳಿಯದೆಯೋ ಹಾರ್ಬಿಗ್‌ನ ಗುರುವಿಗೆ ಋಣಿಗಳು. ಆ ಗುರು ವೊಲ್ಡೆಮಾರ್ ಗೆರ್ಶ್ಲರ್. ಅವರ ಜೊತೆಗಾರರು ಫ್ರೈಬರ್ಗ್‌ನ ಹೃದಯತಜ್ಞ ಹೆರ್ಬರ್ಟ್ ರೈಂಡೆಲ್.

ಈ ಇಬ್ಬರ ಲೆಕ್ಕ ಸರಳವಾಗಿತ್ತು. ಓಟಗಾರ ಒಂದು ಚಿಕ್ಕ ದೂರವನ್ನು ರಭಸದಿಂದ ಓಡಬೇಕು. ನಾಡಿಬಡಿತ ನಿಮಿಷಕ್ಕೆ 180ರ ಆಸುಪಾಸಿಗೆ ಏರಬೇಕು. ಆಮೇಲೆ ಕಾಯಬೇಕು. ಬಡಿತ 120ಕ್ಕೆ ಇಳಿದ ಮೇಲೆ ಮತ್ತೊಂದು ಓಟ. 90 ಸೆಕೆಂಡಿನಲ್ಲಿ ಅಷ್ಟು ಇಳಿಯದಿದ್ದರೆ ತಪ್ಪು ಓಟದ್ದು: ದೂರ ಹೆಚ್ಚಾಗಿದೆ, ಇಲ್ಲವೇ ವೇಗ ಹೆಚ್ಚಾಗಿದೆ. ಎದೆ ಬಲಿಯುವುದು ಓಡುವಾಗಲ್ಲ, ಓಟ ನಿಂತ ಮೇಲಿನ ಆ ಒಂದೂವರೆ ನಿಮಿಷದಲ್ಲಿ ಎಂಬುದು ಅವರ ನಂಬಿಕೆ. ಬಡಿತ ಇಳಿಯುತ್ತಿದ್ದರೂ ರಕ್ತ ಇನ್ನೂ ಭರದಿಂದ ಹೃದಯಕ್ಕೆ ಮರಳುತ್ತಿರುತ್ತದೆ, ಹಾಗಾಗಿ ಒಂದೊಂದು ಬಡಿತಕ್ಕೂ ಹೃದಯ ಹೆಚ್ಚು ತುಂಬಿ ಹೆಚ್ಚು ಹೊರಹಾಕುತ್ತದೆ ಎಂದು ಅವರು ವಾದಿಸಿದರು. ಮುಂದಿನ ವಿಜ್ಞಾನ ಈ ವಾದವನ್ನು ಪೂರ್ತಿ ಒಪ್ಪಲಿಲ್ಲ; ಗರಿಷ್ಠ ಶ್ರಮದ ಹತ್ತಿರ ಒಟ್ಟು ಎಷ್ಟು ನಿಮಿಷ ಕಳೆದೆವು ಎಂಬುದಕ್ಕೇ ಈಗ ಹೆಚ್ಚು ಬೆಲೆ. ಆದರೆ ಅಷ್ಟು ನಿಮಿಷ ಕೂಡಿಸಲು ನಡುವೆ ಬಿಡುವು ಬೇಕೇ ಬೇಕು. ಅದನ್ನು ಸೋಮಾರಿತನ ಎನ್ನದೆ ಗಡಿಯಾರ ಹಿಡಿದು ಅಳೆದದ್ದು ಫ್ರೈಬರ್ಗ್‌ನ ದೊಡ್ಡ ಕೊಡುಗೆ.

ಊಟದ ವೇಳೆಯ ಹತ್ತು ಸುತ್ತು

ಯುದ್ಧ ಮುಗಿದ ಮೇಲೆ ಇಂಟರ್ವಲ್ ತರಬೇತಿ ಎಂಬ ಈ ಪದ್ಧತಿ ಯುರೋಪಿನ ಮೈದಾನಗಳಿಗೆ ಹಬ್ಬಿತು. ಜೆಕೊಸ್ಲೊವಾಕಿಯಾದ ಎಮಿಲ್ ಜಾಟೊಪೆಕ್ ಅದನ್ನು ತನ್ನದೇ ರೀತಿಯಲ್ಲಿ ವಿಪರೀತಕ್ಕೆ ಒಯ್ದ. ನಡುವೆ ಮೆಲ್ಲಗೆ ಓಡುತ್ತಾ ಒಂದೇ ದಿನ 40 ಬಾರಿ 400 ಮೀಟರ್ ಓಡುವುದು ಅವನಿಗೆ ರೂಢಿಯಾಯಿತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000 ಮೀಟರ್, 10,000 ಮೀಟರ್ ಹಾಗೂ ಮ್ಯಾರಥಾನ್ ಮೂರರಲ್ಲೂ ಚಿನ್ನ ಗೆದ್ದ.

ಲಂಡನ್ನಿನಲ್ಲಿ ವೈದ್ಯಕೀಯ ಓದುತ್ತಿದ್ದ ರೋಜರ್ ಬ್ಯಾನಿಸ್ಟರ್‌ಗೆ ಅಷ್ಟು ಪುರುಸೊತ್ತಿರಲಿಲ್ಲ. ಊಟದ ವೇಳೆಯಲ್ಲಿ ಆಸ್ಪತ್ರೆಯಿಂದ ಮೈದಾನಕ್ಕೆ ಹೋಗಿ, ನಡುನಡುವೆ ಎರಡು ನಿಮಿಷ ಬಿಟ್ಟು, ಕಾಲು ಮೈಲಿಯನ್ನು ಹತ್ತು ಸಲ ಓಡುತ್ತಿದ್ದ. 1953ರ ಕೊನೆಯಲ್ಲಿ ಒಂದೊಂದು ಸುತ್ತಿಗೆ 66 ಸೆಕೆಂಡು ಹಿಡಿಯುತ್ತಿತ್ತು. ಮರುವರ್ಷದ ಏಪ್ರಿಲ್ ಹೊತ್ತಿಗೆ 61ಕ್ಕೆ ಬಂದು ಅಲ್ಲೇ ಸಿಕ್ಕಿಕೊಂಡಿತು. ಎಷ್ಟು ತಿಣುಕಿದರೂ ಕೆಳಗಿಳಿಯದು. ಆಗ ಗೆಳೆಯ ಕ್ರಿಸ್ ಬ್ರಾಷರ್ ಜೊತೆ ಸ್ಕಾಟ್ಲೆಂಡಿನ ಬೆಟ್ಟ ಹತ್ತಲು ಹೊರಟುಬಿಟ್ಟ. ಕೆಲವು ದಿನ ಓಟದ ಮಾತೇ ಇಲ್ಲ. ವಾಪಸು ಬಂದು ಓಡಿದರೆ 59 ಸೆಕೆಂಡು! 1954ರ ಮೇ 6ರಂದು ಆಕ್ಸ್‌ಫರ್ಡ್‌ನಲ್ಲಿ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಮುಗಿಸಿ, ನಾಲ್ಕು ನಿಮಿಷದ ಗಡಿ ದಾಟಿದ ಮೊದಲಿಗನಾದ.

ಪ್ರಯೋಗಾಲಯದ ಸೈಕಲ್

ಮೈದಾನದವರು ಅನುಭವದಿಂದ ಕಂಡುಕೊಂಡದ್ದನ್ನು 1960ರಲ್ಲಿ ಸ್ವೀಡನ್ನಿನ ಇರ್ಮಾ ಆಸ್ಟ್ರಾಂಡ್ ಹಾಗೂ ಸಂಗಡಿಗರು ಸೈಕಲ್ ಯಂತ್ರದ ಮೇಲೆ ತೋರಿಸಿಕೊಟ್ಟರು. ಬಿಡದೆ ತುಳಿದರೆ ಸುಮಾರು 9 ನಿಮಿಷಕ್ಕೆ ಸುಸ್ತಾಗುವಷ್ಟು ಭಾರ. ಅದೇ ಭಾರವನ್ನು ಅರ್ಧ ನಿಮಿಷ ತುಳಿದು ಅರ್ಧ ನಿಮಿಷ ಸುಧಾರಿಸಿಕೊಂಡರೆ ಅದೇ ಮನುಷ್ಯ ಒಂದು ಗಂಟೆ ನಿಭಾಯಿಸಿದ. ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲವೂ ಅಷ್ಟಾಗಿ ಏರಲಿಲ್ಲ.

1996ರಲ್ಲಿ ಜಪಾನಿನ ಇಜುಮಿ ತಬಾಟ ಅವರ ಪ್ರಬಂಧ ಬಂತು. 20 ಸೆಕೆಂಡು ಜೀವ ಹೋಗುವಂತೆ ತುಳಿತ, 10 ಸೆಕೆಂಡು ಬಿಡುವು. ಹೀಗೆ ಏಳೆಂಟು ಸಲ. ಇದು ಮೂಲತಃ ಆ ದೇಶದ ಸ್ಪೀಡ್ ಸ್ಕೇಟಿಂಗ್ ತಂಡದ ತರಬೇತುದಾರರು ಬಳಸುತ್ತಿದ್ದ ಕ್ರಮ. ತಬಾಟ ಎಂಬ ಹೆಸರಿನಲ್ಲಿ ಇಂದು ಜಿಮ್ಮುಗಳಲ್ಲಿ ನಡೆಯುವ ಬಹುಪಾಲು ಕಸರತ್ತು ಆ ತೀವ್ರತೆಯ ಹತ್ತಿರವೂ ಸುಳಿಯುವುದಿಲ್ಲ. ಹತ್ತು ವರ್ಷದ ನಂತರ ಕೆನಡಾದ ಮಾರ್ಟಿನ್ ಗಿಬಾಲ ಅವರ ತಂಡ ಇನ್ನೊಂದು ತುದಿ ಹಿಡಿಯಿತು: ಎರಡು ವಾರದಲ್ಲಿ ಒಟ್ಟು ಎರಡೂವರೆ ಗಂಟೆಯ ಇಂಟರ್ವಲ್ ತರಬೇತಿ, ಹತ್ತೂವರೆ ಗಂಟೆಯ ನಿಧಾನ ಸೈಕ್ಲಿಂಗಿಗೆ ಸರಿಸಾಟಿಯಾದ ಬದಲಾವಣೆಯನ್ನು ಸ್ನಾಯುಗಳಲ್ಲಿ ತಂದಿತ್ತು.

ಸಾಮಾನ್ಯರಿಗೆ ಹತ್ತಿರವಾದದ್ದು ನಾರ್ವೆಯ ಟ್ರಾಂಡ್‌ಹೈಮ್‌ನ ಕ್ರಮ. 4 ನಿಮಿಷ ಜೋರು, 3 ನಿಮಿಷ ಹಗುರ. ಇಂಥ ನಾಲ್ಕು ಸುತ್ತು. 2007ರಲ್ಲಿ ಉಲ್ರಿಕ್ ವಿಸ್‌ಲಾಫ್ ಅವರ ತಂಡ ಹೃದಯ ಸೋತ 27 ಮಂದಿಯ ಮೇಲೆ ಪ್ರಯೋಗ ನಡೆಸಿತು. ಅವರ ಸರಾಸರಿ ವಯಸ್ಸು 75ರ ಆಸುಪಾಸು. ವೈದ್ಯರ ಕಣ್ಗಾವಲಿನಲ್ಲಿ ಟ್ರೆಡ್‌ಮಿಲ್ ಏರಿನಲ್ಲಿ ಹೀಗೆ ನಡೆದವರ ಆಮ್ಲಜನಕ ಬಳಸುವ ಸಾಮರ್ಥ್ಯ ಶೇ 46ರಷ್ಟು ಹೆಚ್ಚಿತು. ಒಂದೇ ಸಮನೆ ನಡೆದವರದ್ದು ಶೇ 14ರಷ್ಟು. ಮುಂದೆ ಹೆಚ್ಚು ರೋಗಿಗಳೊಡನೆ ನಡೆದ ಪ್ರಯೋಗದಲ್ಲಿ ಇಂಥ ಅಂತರ ಕಾಣಲಿಲ್ಲ. ಆದರೆ ಇದು ಓಟಗಾರರಿಗಷ್ಟೇ ಸೇರಿದ ವಿದ್ಯೆ ಎಂಬ ಭಾವನೆ ಅಷ್ಟರಲ್ಲಿ ಹೋಗಿತ್ತು.

ನೆಲ ಬಿಡದ ಪಾದ

ಇನ್ನು ಯಂತ್ರದ ಕಥೆ. ಓಡುವಾಗ ಪಾದ ನೆಲಕ್ಕೆ ಬಡಿದಾಗಲೆಲ್ಲ ಮೈತೂಕದ ಎರಡು ಮೂರು ಪಟ್ಟು ಬಲ ಕಾಲಿಗೆ ಬೀಳುತ್ತದೆ. ಮಂಡಿ ನೋವಿನವರಿಗೆ, ತೂಕ ಹೆಚ್ಚಿದವರಿಗೆ ಇದೇ ದೊಡ್ಡ ಅಡ್ಡಿ. 1990ರ ದಶಕದ ಆರಂಭದಲ್ಲಿ ಅಮೆರಿಕದ ಎಂಜಿನಿಯರ್ ಲ್ಯಾರಿ ಮಿಲ್ಲರ್, ಕಾರಿನ ಪಕ್ಕದಲ್ಲಿ ಓಡುತ್ತಿದ್ದ ಮಗಳನ್ನು ಚಿತ್ರೀಕರಿಸಿ, ಅವಳ ಪಾದ ಗಾಳಿಯಲ್ಲಿ ಎಳೆಯುವ ಗೆರೆಯನ್ನು ಗುರುತಿಸಿದರು ಎಂಬುದು ಪ್ರಚಲಿತ ಕಥೆ. ಆ ಗೆರೆ ಮೊಟ್ಟೆಯಂತೆ ಉದ್ದುದ್ದವಾಗಿತ್ತು. ಅವರ ವಿನ್ಯಾಸ ಪಡೆದ ಪ್ರಿಕೋರ್ ಕಂಪನಿ 1995ರಲ್ಲಿ ಇಎಫ್ಎಕ್ಸ್ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು.

ಅದರ ಜಾಣತನ ಪೆಡಲಿನ ಕೋಲಿನಲ್ಲಿದೆ. ಕೋಲಿನ ಹಿಂತುದಿ ತಿರುಗುವ ಗಾಲಿಗೆ ಸೇರಿದ್ದು, ಸುತ್ತುತ್ತದೆ. ಮುಂತುದಿ ಚಿಕ್ಕ ಉರುಳೆಯ ಮೇಲೆ ಕೂತು ಇಳಿಜಾರಿನ ಹಳಿಯಲ್ಲಿ ಹಿಂದೆ ಮುಂದೆ ಜಾರುತ್ತದೆ. ಒಂದು ತುದಿಗೆ ವೃತ್ತ, ಇನ್ನೊಂದಕ್ಕೆ ಸರಳರೇಖೆ. ನಡುವೆ ಊರಿದ ಪಾದಕ್ಕೆ ಎರಡೂ ಬೆರೆತ ಅಂಡಾಕಾರದ ದಾರಿ. ಪಾದ ಪೆಡಲನ್ನು ಬಿಟ್ಟು ಏಳುವುದೇ ಇಲ್ಲ, ಹಾಗಾಗಿ ಬಡಿತವೂ ಇಲ್ಲ. ಆಮೇಲೆ ಬಂದ ಮಾದರಿಗಳಲ್ಲಿ ಕೈ ಆಡಿಸುವ ಹಿಡಿಗಳೂ ಸೇರಿದವು. ನಮ್ಮ ಜಿಮ್ಮುಗಳು ಇದನ್ನೇ ಕ್ರಾಸ್ ಟ್ರೇನರ್ ಎನ್ನುವುದು.

ಇಂಟರ್ವಲ್‌ಗೆ ಈ ಯಂತ್ರ ಒಗ್ಗಿದ್ದಕ್ಕೆ ಇನ್ನೊಂದು ಕಾರಣವಿದೆ. ಟ್ರೆಡ್‌ಮಿಲ್‌ನಲ್ಲಿ ಪಟ್ಟಿ ಓಡಿದಂತೆ ನಾವು ಓಡಬೇಕು. ವೇಗ ಏರಲು ಇಳಿಯಲು ಅದು ತನ್ನದೇ ಸಮಯ ತೆಗೆದುಕೊಳ್ಳುತ್ತದೆ, ಸೋತ ಕಾಲು ತಪ್ಪಿದರೆ ಬಿದ್ದಂತೆಯೇ. ಕ್ರಾಸ್ ಟ್ರೇನರ್ ನಾವು ತುಳಿದರೆ ಮಾತ್ರ ನಡೆಯುತ್ತದೆ. ಬಿಡುವು ಬೇಕೆನಿಸಿದರೆ ಮೆಲ್ಲಗೆ ತುಳಿದರಾಯಿತು.

ಮೋಸ ಹೋಗುವ ಜಾಗಗಳೂ ಇವೆ. ಬಿಗಿತ ಕಡಿಮೆ ಇಟ್ಟು ಬಿರುಸಾಗಿ ತುಳಿದರೆ ಒಳಗಿನ ಭಾರದ ಗಾಲಿಯೇ ಕಾಲನ್ನು ಹೊತ್ತು ತಿರುಗಿಸುತ್ತದೆ. ಕಣ್ಣಿಗೆ ಓಟ, ಎದೆಗೆ ರಜೆ. ಆದ್ದರಿಂದ ಜೋರಿನ ಸುತ್ತಿನಲ್ಲಿ ವೇಗಕ್ಕಿಂತ ಮೊದಲು ಬಿಗಿತ ಏರಬೇಕು, ಮೈಭಾರ ಹಿಡಿಯ ಮೇಲೆ ಬೀಳಬಾರದು. ಪರದೆ ತೋರಿಸುವ ಕ್ಯಾಲೊರಿ ಬರೀ ಅಂದಾಜು. ನೆಲಕ್ಕೆ ಬಡಿಯದ ಕಾರಣ ಮೂಳೆಗೆ ಬಲ ಕೊಡುವುದರಲ್ಲೂ ಈ ಯಂತ್ರ ಓಟಕ್ಕಿಂತ ಹಿಂದೆ.

ಹೊಸಬರಿಗೆ ಹತ್ತು ನಿಮಿಷ ಮೈ ಬೆಚ್ಚಗಾಗಿಸಿಕೊಂಡು, ಎರಡು ಮಾತು ಆಡಲಾದರೂ ಪೂರ್ತಿ ಹರಟೆ ಹೊಡೆಯಲಾಗದಷ್ಟು ಜೋರಿನ ಒಂದೊಂದು ನಿಮಿಷ, ನಡುವೆ ಎರಡೆರಡು ನಿಮಿಷ ಹಗುರ ಸಾಕು. ವಾರಕ್ಕೆರಡು ದಿನ ಧಾರಾಳ. ಹೃದಯದ ತೊಂದರೆ, ರಕ್ತದೊತ್ತಡ ಇದ್ದವರು ಮೊದಲು ವೈದ್ಯರನ್ನು ಕೇಳಬೇಕು. 180, 120 ಎಂಬ ಅಂಕಿಗಳು ಹರೆಯದ ಓಟಗಾರರವು, ಎಲ್ಲರಿಗೂ ಅಲ್ಲ. ಆದರೆ ಅವುಗಳ ಹಿಂದಿನ ನಿಯಮ ಎಲ್ಲರಿಗೂ ಸಲ್ಲುತ್ತದೆ. ಒಂದೊಂದು ಸುತ್ತಿನ ನಂತರ ನಾಡಿ ಎಷ್ಟು ಬೇಗ ಇಳಿಯುತ್ತಿದೆ ಎಂದು ನೋಡಿಕೊಳ್ಳಿ. ಮೊದಲ ಸುತ್ತುಗಳಲ್ಲಿ ಸರಸರನೆ ಇಳಿದದ್ದು ಐದನೆಯದಕ್ಕೆ ಮೊಂಡು ಹಿಡಿದರೆ, ಪಟ್ಟಿಯಲ್ಲಿ ಇನ್ನೆಷ್ಟೇ ಸುತ್ತು ಉಳಿದಿದ್ದರೂ ಅಂದಿನ ಕೆಲಸ ಮುಗಿದಂತೆ.